ಆ ಒಂದು ಪ್ರಶ್ನೆಗೆ ಉತ್ತರ ಕೊಡಬ್ಯಾಡ್ರಿ

— ಅಕ್ಕಾವರ, ಮೊದಲೇ ಒಂದು ಮಾತು ಕೇಳಿಬಿಡ್ತೀನಿ, ತಪ್ಪು ತಿಳಕೋಬ್ಯಾಡ್ರಿ. ನಿಮಗೂ ಗೀಳು ರೋಗ ಇತ್ತಂತ. ತಾನೇ ಅದರಾಗ ಸಿಕ್ಕಾಕಿ ನಮ್ಮ ಹುಡುಗಿನ್ನ ಹ್ಯಾಂಗ ಬಿಡಸ್ತಾಳ ಅಂತ ನಮ್ಮ ಅವ್ವ ಕೇಳ್ತಾಳ. ನನಗೂ ಉತ್ತರ ಹೊಳೀಲಿಲ್ಲ. ಅದಕ್ಕ ತಂಗಿನ್ನ ಬಸವಕಲ್ಯಾಣದಾಗ ಬಿಟ್ಟು ಮೊದಲು ನಾ ಒಬ್ಬನೇ ಹುಮನಾಬಾದಿಗೆ ಬಂದೀನಿ.

— ಚಲೋ ಮಾಡೀರಿ ಸರ್. ನಿಮ್ಮ ಅವ್ವ ಕೇಳಿದ್ದು ನ್ಯಾಯದ ಮಾತು. ಆದ್ರ 'ಇತ್ತು' ಅನ್ನಬ್ಯಾಡ್ರಿ, 'ಅದ' ಅನ್ರಿ. ಈಗಲೂ ಬರ್ತದ, ಮಾತಾಡಿಸ್ತದ. ಮೊದಲಿನಂಗ ನನ್ನ ದಿನ ನುಂಗಲ್ಲ, ಅಷ್ಟೇ. ಮತ್ತ ನಾನು ಡಾಕ್ಟರ್ ಅಲ್ಲ, ಗುಳಿಗಿ ಬರಿಯೋದು ನನ್ನ ಕೆಲಸ ಅಲ್ಲ. ಆಪ್ತಸಮಾಲೋಚಕಿ. ನನ್ನ ವಿಷಯ ಆಮ್ಯಾಲ ಮಾತಾಡೋಣ, ಮೊದಲು ತಂಗಿದು ಹೇಳ್ರಿ.

— ಆಕಿ ಚೊಚ್ಚಲ ಬಾಣಂತಿ. ಹೆರಿಗಿಗೆ ತವರಿಗೆ ಬಂದಾಳ. ಮೊದಲ ತಿಂಗಳು ಏನೂ ಇರಲಿಲ್ಲ. ಆಮ್ಯಾಲ ಒಂದೊಂದೇ ಶುರು ಆದವು. ಅಡಗಿ ಮನ್ಯಾಗ ಇಳಗಿ ಕಂಡ್ರ ಮೈ ಬೆವರ್ತದ, ಅದನ್ನ ಮುಚ್ಚಿ ಇಡ್ರಿ ಅಂತಾಳ. ಕೂಸು ಎತ್ತಿಕೊಂಡು ಮಾಳಗಿ ಹತ್ತಲ್ಲ. ಕೂಸಿಗೆ ಎರಿಯೋದು, ಲೋಬಾನ ಹಾಕೋದು, ತೊಟ್ಟಲಕ್ಕ ಹಾಕೋದು, ಎಲ್ಲಾ ಅವ್ವಗೇ ಬಿಟ್ಟಾಳ. ಹಾಲು ಕುಡಿಸೋ ಹೊತ್ತಿಗೂ ಯಾರಾದ್ರೂ ಬಾಜೂಕ ಕೂಡಬೇಕು. ರಾತ್ರಿ ನನ್ನ ಬಾಗಲಕ್ಕ ಬಂದು, 'ಅಣ್ಣಾ, ನಾ ಕೂಸಿಗೆ ಏನೂ ಮಾಡಿಲ್ಲಲ್ಲ?' ಅಂತ ಕೇಳ್ತಾಳ. 'ಇಲ್ಲ ತಂಗಿ, ಏನೂ ಮಾಡಿಲ್ಲ' ಅಂತೀನಿ. ಹೋಗ್ತಾಳ. ಹತ್ತು ನಿಮಿಷಕ್ಕ ಮತ್ತ ಬರ್ತಾಳ. ಓಣ್ಯಾಗ ಒಬ್ಬರು ದೃಷ್ಟಿ ಅಂತಾರ, ಇನ್ನೊಬ್ಬರು ಗಾಳಿ ಅಂತಾರ.

— ನಾಲ್ಕು ಪ್ರಶ್ನೆ ಕೇಳ್ತೀನಿ, ವಿಚಾರ ಮಾಡಿ ಹೇಳ್ರಿ. ಬ್ಯಾರೆಯವರಿಗೆ ಕೇಳದ ಧ್ವನಿ ಆಕಿಗೆ ಕೇಳಸ್ತಾವೇನು? ಇದು ನನ್ನ ಕೂಸಲ್ಲ, ಇದರೊಳಗ ಏನೋ ಸೇರ್ಯದ ಅಂತ ಗಟ್ಟಿಯಾಗಿ ನಂಬ್ಯಾಳೇನು? ದಿನಗಟ್ಟಲೆ ನಿದ್ದಿ ಇಲ್ಲದೆ, ಮಾತಿಗೆ ಮಾತು ಹತ್ತದಂಗ ಗೊಂದಲಾಗ್ಯಾಳೇನು? ಸಾಯೋ ಮಾತು ಆಡ್ಯಾಳೇನು?

— ಒಂದೂ ಇಲ್ರಿ. ಬೀದರಿನ ಡಾಕ್ಟರೂ ಇವನ್ನೇ ಕೇಳಿದ್ರು. ಗೀಳು ಅಂದ್ರು, ಹಾಲು ಕುಡಿಸೋ ತಾಯಿಗೆ ನಡೀತದ ಅಂತ ನೋಡಿ ಒಂದು ಗುಳಿಗಿ ಬರದಾರ. ಗುಳಿಗಿ ಒಂದೇ ಸಾಲದು, ಇದಕ್ಕ ಒಂದು ಅಭ್ಯಾಸ ಮಾಡಿಸಬೇಕು, ಗೊತ್ತಿದ್ದವರ ಕಡೆ ಹೋಗ್ರಿ ಅಂದ್ರು.

— ಹಂಗಾದ್ರ ಅರ್ಧ ದಾರಿ ನಡದೀರಿ. ಆ ನಾಲ್ಕರಾಗ ಒಂದು ಇದ್ದಿದ್ರೂ ನನ್ನ ಹತ್ತಿರ ಕೂಡಿಸತಿರಲಿಲ್ಲ, ಇವತ್ತೇ ಆಸ್ಪತ್ರಿಗೆ ಕಳಸ್ತಿದ್ದೆ. ಅದು ಬ್ಯಾರೆ ಕಾಯಿಲೆ, ಕಾಯೋ ಕಾಯಿಲೆ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ದಾಗ 2009ರಿಂದ ತಾಯಿ–ಮಗು ವಾರ್ಡ್ ಅಂತಲೇ ಮಾಡ್ಯಾರ, ಬಾಣಂತಿಯನ್ನ ಕೂಸಿನಿಂದ ಅಗಲಿಸದೆ ಚಿಕಿತ್ಸೆ ಕೊಡ್ತಾರ. ಈ ನಾಲ್ಕು ಪ್ರಶ್ನೆ ನಿಮ್ಮ ಅವ್ವಗೂ ಹೇಳಿ ಇಡ್ರಿ. ಮುಂದ ಯಾವತ್ತರೆ ಇಂಥದು ಕಂಡ್ರ ಹೊತ್ತು ನೋಡಬ್ಯಾಡ್ರಿ.

— ಹೇಳ್ತೀನಿ. ಆದ್ರ ಗೀಳು ಅಂದ್ರ ನಾವು ತಿಳಕೊಂಡದ್ದು ಬ್ಯಾರೆ ಇತ್ತು. ಕೈ ತೊಳಿಯೋದು, ಬೀಗ ಜಗ್ಗಿ ನೋಡೋದು. ಹೆತ್ತ ಕೂಸಿನ ಬಗ್ಗೆ ಇಂಥ ಯೋಚನಿ ಬರ್ತದ ಅಂದ್ರ ನನಗ ನಿದ್ದಿ ಬರಲ್ಲ. ಒಳಗ ಎಲ್ಲೋ ಆಕಿಗೆ ಕೂಸು ಬ್ಯಾಡಾಗ್ಯದೇನು?

— ಅಲ್ಲ. ಈ ಮಾತು ನಿಮ್ಮ ಬಾಯಿಂದ ಆಕಿ ಕಿವಿಗೆ ಎಂದೂ ಬೀಳಬಾರದು. 1978ರಾಗ ಲಂಡನ್ನಿನ ರಾಕ್‌ಮನ್ ಮತ್ತ ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ ಅಂಬೋ ಮನೋವಿಜ್ಞಾನಿಗಳು, ಯಾವ ಕಾಯಿಲೆಯೂ ಇಲ್ಲದ ಮಂದಿನ್ನ ಕೂಡಿಸಿ ಕೇಳಿದ್ರು: ನಿಮಗ ಬ್ಯಾಡಾದ, ಕೆಟ್ಟ, ಹೇಳಲಿಕ್ಕೆ ನಾಚಿಕಿ ಬರೋ ಯೋಚನಿ ಬರ್ತಾವೇನು ಅಂತ. ಹತ್ತರಾಗ ಎಂಟು ಮಂದಿ ಹೌದು ಅಂದ್ರು. ರೋಗ ಇದ್ದವರ ಯೋಚನಿ, ಇಲ್ಲದವರ ಯೋಚನಿ ಬಾಜೂಕ ಬಾಜೂಕ ಇಟ್ರ ತಿರುಳು ಒಂದೇ ಇತ್ತು. ಎತ್ತರದ ಮ್ಯಾಲ ನಿಂತಾಗ 'ಹಾರಿದ್ರ?' ಅನ್ನೋದು ನಿಮಗೂ ಬಂದಿರ್ತದ. ನೀವು ಅದನ್ನ ಅಲ್ಲೇ ಬಿಟ್ಟು ಇಳೀತೀರಿ. ಗೀಳಿದ್ದವರು ಬಿಡಲ್ಲ. 'ಇದು ಯಾಕ ಬಂತು, ನಾ ಎಂಥಾಕಿ?' ಅಂತ ಅದರ ಹಿಂದ ಬೀಳ್ತಾರ. ಎಲ್ಲಿ ಜೀವ ಇಟ್ಟಾರೋ ಅಲ್ಲೇ ಅದು ಬಂದು ಹಿಡೀತದ. ನಿಮ್ಮ ತಂಗಿ ಜೀವ ಕೂಸಿನ ಮ್ಯಾಲ ಅದ. ಅದಕ್ಕ ಇಳಗಿ ಮುಚ್ಚಸ್ತಾಳ.

— ನಿಮ್ಮದು ಎಲ್ಲಿ ಹಿಡದಿತ್ತು ಅಂತ ಕೇಳಬಹುದೇನು?

— ಕೇಳ್ರಿ. ನನ್ನದು ದೇವರ ಮ್ಯಾಲ. ಇದೇ ಊರಿನ ವೀರಭದ್ರೇಶ್ವರ. ಜಾತ್ರಿ ಬಂದ್ರ ಓಣಿ ಹುಡುಗರೆಲ್ಲಾ ಕುಣೀತಾವ, ನನಗ ಎದಿ ಒಡೀತದ. ಗುಡಿ ಬಾಗಲು ಕಂಡ ಕೂಡಲೇ ತಲಿಯೊಳಗ ದೇವರಿಗೆ ಬೈಗುಳ. ಬಾಯಿಗೆ ತರಲಾರದಂಥವು. ತಪ್ಪಾಯ್ತು ಅಂತ ಗಲ್ಲ ಬಡಕೊಂತಿದ್ದೆ. ಬಡಕೊಂಡದ್ದು ಮನಸಿನಿಂದ ಬಂತೋ ಇಲ್ಲೋ ಅಂತ ಸಂಶಯ, ಮತ್ತ ಬಡಕೊಳ್ಳೋದು. ಹಣಿಗೆ ವಿಭೂತಿ ಹಚ್ಚಿ, ಅಳಿಸಿ, ಮತ್ತ ಹಚ್ಚೋದು. ಸಾಲಿಗೆ ಹೋಗೋದರಾಗ ಗಂಟಿ ಹೊಡದಿರ್ತಿತ್ತು. ನಮ್ಮ ಆಯಿ ತಲಿ ನೇವರಿಸಿ, 'ದೇವರು ಸಣ್ಣ ಕೂಸಿನ ಮ್ಯಾಲ ಸಿಟ್ಟಾಗಲ್ಲ ಮಗಳೆ' ಅಂತಿದ್ಳು. ಎಂಥ ಹಗುರ ಆಗ್ತಿತ್ತು ಅಂತೀರಿ! ಆದ್ರ ಅಂಗಳ ದಾಟೋದರಾಗ, 'ಆಯಿಗೆ ಆ ಬೈಗುಳ ಏನು ಅಂತ ಗೊತ್ತಿಲ್ಲಲ್ಲ, ಗೊತ್ತಿದ್ರ ಹಿಂಗ ಅಂತಿದ್ಳೇನು?' ಅಂತ ಬರ್ತಿತ್ತು. ತಿರುಗಿ ಆಯಿ ಹತ್ತಿರ ಓಡೋದು.

— ನನ್ನ ತಂಗಿ ನನ್ನ ಬಾಗಲಕ್ಕ ಬರೋದೂ ಹಿಂಗೇ.

— ಹಿಂಗೇ. ನೀವು 'ಇಲ್ಲ' ಅಂದ ಕೂಡಲೇ ಆಕಿಗೆ ಆರಾಮ ಆಗ್ತದಲ್ಲ, ಆ ಆರಾಮದಾಗೇ ರೋಗದ ಜೀವ ಅದ. ಅಂಜಿಕಿ ಬಂತು, ಕೇಳಿದಳು, ಅಂಜಿಕಿ ಇಳೀತು. ಕೇಳಿದ್ದಕ್ಕೇ ಇಳೀತು, ಇಲ್ಲಂದ್ರ ಏನಾಗ್ತಿತ್ತೋ ಅಂತ ಮೆದುಳು ಕಲಿತದ. ಮುಂದಿನ ಸಲ ಕೇಳೋ ಒತ್ತಾಯ ಇನ್ನೂ ಜೋರು. ಕೈ ತೊಳಿಯೋವರಿಗೆ ನೀರು ಹ್ಯಾಂಗೋ ನಿಮ್ಮ ತಂಗಿಗೆ ನಿಮ್ಮ ಉತ್ತರ ಹಂಗ. ಹೊರಗಿನವರ ಕಣ್ಣಿಗೆ ಅದು ಅಣ್ಣನ ಪ್ರೀತಿ. ಪ್ರೀತಿ ಖರೆನೇ, ಆದ್ರ ಅದು ಹೋಗಿ ಮುಟ್ಟೋದು ಆಕಿಗಲ್ಲ.

— ಅಂದ್ರ ಸಮಾಧಾನ ಹೇಳೋದೇ ತಪ್ಪೇನ್ರಿ? ನಾ ಇತಿಹಾಸ ಕಲಿಸೋನು. ತಿಳಿಸಿ ಹೇಳಿದ್ರ ಮನುಷ್ಯ ಬದಲಾಗ್ತಾನ ಅಂತ ನಂಬಿದವನು. ನಮ್ಮ ಕಲ್ಯಾಣದಾಗ ಹನ್ನೆರಡನೇ ಶತಮಾನದಾಗೇ ಶರಣರು ಜನನ, ಮರಣ, ಮುಟ್ಟು, ಎಂಜಲು, ಜಾತಿ, ಈ ಐದೂ ಸೂತಕ ಸುಳ್ಳು ಅಂತ ಸಾರಿದ್ರು. ಮಡಿ ಮೈಲಿಗಿ ಅಂತ ನರಳೋವರಿಗೆ ಇದನ್ನ ಹೇಳಿದ್ರ ಸಾಲದೇನು?

— ಶರಣರು ಹೇಳಿದ್ದು ಸಮಾಜಕ್ಕ. ಒಬ್ಬರು ಇನ್ನೊಬ್ಬರನ್ನ ಹೊಲಸು ಅಂತ ದೂರ ಇಡೋ ರೂಢಿಗೆ. ಆ ಮಾತಿಗೆ ನಾನೂ ತಲಿ ಬಾಗ್ತೀನಿ. ಗೀಳು ರೂಢಿ ಅಲ್ಲ. ಹತ್ತು ಸಲ ಕೈ ತೊಳಕೊಂಡು ಚರ್ಮ ಸುಲದಾಕಿಗೆ ಕೈ ಸ್ವಚ್ಛ ಅದ ಅಂತ ನಿಮಗಿಂತ ಚಲೋ ಗೊತ್ತಿರ್ತದ. ಗೊತ್ತಿದ್ದೂ ಬಿಡಲಿಕ್ಕೆ ಬರಲ್ಲ, ಅದೇ ಅದರ ಸಂಕಟ. ಅದರ ಕೂಡ ವಾದಕ್ಕ ಕೂತ್ರ ನೂರು ಉತ್ತರಕ್ಕ ನೂರಾ ಒಂದನೇ ಸಂಶಯ ತರ್ತದ. ಎಲ್ಲಾ ಧರ್ಮದಾಗೂ ಇದು ಅದಕ್ಕ ಸಿಕ್ಕ ಬಟ್ಟಿ ಉಟ್ಟಗೊಂಡು ಬರ್ತದ. ನಮ್ಮ ಕಡೆ ಮುಸಲ್ಮಾನರ ಮನಿಗಳಾಗ ವಸ್ವಾಸ್ ಅಂತಾರ ನೋಡ್ರಿ, ನಮಾಜಿಗೆ ಮೊದಲು ವಜೂ ಮಾಡಿ ಸರಿ ಆಗಲಿಲ್ಲ ಅಂತ ಮತ್ತ ಮತ್ತ ಮಾಡೋದು. 934ರಾಗ ತೀರಿಕೊಂಡ ಅಬು ಜೈದ್ ಅಲ್-ಬಲ್ಖಿ ಅಂಬೋ ಪಂಡಿತರು ದೇಹ, ಮನಸ್ಸು ಎರಡರ ಆರೋಗ್ಯದ ಬಗ್ಗೆ ಬರದ ಪುಸ್ತಕದಾಗ ಇದಕ್ಕೇ ಒಂದು ಅಧ್ಯಾಯ ಇಟ್ಟಾರ. ಸಿಟ್ಟು, ಅಂಜಿಕಿ, ದುಃಖ, ಆಮ್ಯಾಲ ಈ ಬಿಡದ ಯೋಚನಿ. ಸಾವಿರ ವರ್ಷದ ಹಿಂದೆ ಅದನ್ನ ಬ್ಯಾರೆ ಮಾಡಿ ಗುರುತಿಸಿದ್ರು. ನಾವು ಇನ್ನೂ ಗಾಳಿ ಅಂತೀವಿ.

— ನಮ್ಮ ಊರಾಗ ಇಂಥವರನ್ನ ನಾ ಕಂಡೇ ಇಲ್ಲ ಅಕ್ಕಾವರ.

— ಕಂಡೀರಿ, ಗುರುತು ಹತ್ತಿಲ್ಲ. ನಿಮ್ಹಾನ್ಸ್ 2015–16ರಾಗ 12 ರಾಜ್ಯದಾಗ ಮಾಡಿದ ರಾಷ್ಟ್ರೀಯ ಸಮೀಕ್ಷೆಯೊಳಗ ವಯಸ್ಕರಲ್ಲಿ ಶೇಕಡಾ 0.8 ಮಂದಿಗೆ ಗೀಳು ಇತ್ತು. ಬಸವಕಲ್ಯಾಣ ಪಟ್ಟಣದ ಜನ 2011ರಾಗೇ 70 ಸಾವಿರದ ಹತ್ತಿರ. ಅದರಾಗ ವಯಸ್ಕರಿಗಷ್ಟೇ ಅದೇ ಪ್ರಮಾಣ ಹಿಡದ್ರೂ ನಿಮ್ಮ ಊರೊಂದರಾಗೇ ಮುನ್ನೂರರ ಮ್ಯಾಲ ಮಂದಿ ಆಗ್ತಾರ. ಮಳಿಗಿ ಬೀಗ ಜಗ್ಗಿ ಜಗ್ಗಿ ನೋಡಿ ಮನಿಗೆ ತಡಾ ಆಗಿ ಹೋಗೋ ಅಂಗಡಿಯವರು ಅದರಾಗ ಇರಬಹುದು, ನಿಮ್ಮ ಸಾಲ್ಯಾಗ ಒಂದೇ ಉತ್ತರ ಅಳಿಸಿ ಅಳಿಸಿ ಬರೆದು ಪೇಪರ್ ಮುಗಿಸಲಾರದ ಹುಡುಗನೂ ಇರಬಹುದು. ಇದು ಬಹಳ ಮಾಡಿ ಹದಿಹರೆಯದಾಗ ಇಲ್ಲಾ ಇಪ್ಪತ್ತರ ಆಸುಪಾಸು ತಲಿ ಎತ್ತತದ. ಮೇಷ್ಟ್ರ ಕಣ್ಣಿಗೆ ಬೀಳಬೇಕು ಅದು.

— ಆ ಹುಡುಗ ಅದಾನ್ರಿ. ನಾವು ಅವನಿಗೆ ನಿಧಾನಿ ಅಂತ ಹೆಸರಿಟ್ಟೀವಿ... ಇರ್ಲಿ, ಅವನ ವಿಷಯ ಬ್ಯಾರೆ ದಿನ ಕೇಳ್ತೀನಿ. ವಾದ ಬ್ಯಾಡ, ಸಮಾಧಾನ ಬ್ಯಾಡ ಅಂತೀರಿ. ಮತ್ತ ಮಾಡೋದೇನು?

— ಅಂಜಿಕಿ ಇದ್ದಲ್ಲೇ ಕೂಡಬೇಕು, ಇಳಿಸೋ ಕೆಲಸ ಮಾಡಬಾರದು. 1966ರಾಗ ಲಂಡನ್ನಿನ ಆಸ್ಪತ್ರಿಯೊಂದರಾಗ ವಿಕ್ಟರ್ ಮೇಯರ್ ಅಂಬೋರು ಇದನ್ನ ಇಬ್ಬರು ಹೆಣ್ಣುಮಕ್ಕಳ ಮ್ಯಾಲ ಮಾಡಿ ನೋಡಿ ಬರದ್ರು. ಒಬ್ಬಾಕಿಗೆ ತೊಳಿಯೋ ಗೀಳು, ಇನ್ನೊಬ್ಬಾಕಿಗೆ ದೇವರ ಬಗ್ಗೆ ಹೊಲಸು ಯೋಚನಿ. ಎರಡನೇದು ಓದಿದ ದಿನ ನಾ ಅತ್ತೀನಿ ಸರ್. ನನ್ನಂಥಾಕಿ ಇನ್ನೊಬ್ಬಾಕಿ ಇದ್ದಳಲ್ಲ ಅಂತ. ಆವಾಗ ನರ್ಸುಗಳು ಹಗಲೆಲ್ಲಾ ಕಾದು ಕೂತು ತಡೀತಿದ್ರು. ಈಗ ಹಂಗ ಬಲವಂತ ಇಲ್ಲ. ಆಕಿ ಒಪ್ಪಿದ ಮೆಟ್ಟಲು, ಆಕಿ ಒಪ್ಪಿದ ಹೊತ್ತಿಗೆ. ನನಗ ಕಲಿಸಿದವರು ಗುಡಿ ಮುಂದ ನಿಲ್ಲಿಸಿ, ಬೈಗುಳ ಬಂದ್ರ ಬರ್ಲಿ, ಗಲ್ಲಕ್ಕ ಕೈ ಹಚ್ಚಬ್ಯಾಡ ಅಂದ್ರು. ಎದಿ ಬಡಕೊಂತು. ಬಡಕೊಂಡು ಬಡಕೊಂಡು ತಾನೇ ಇಳೀತು. ನಾ ಇಳಿಸದೇ ಇಳೀತದ ಅನ್ನೋದು ನನ್ನ ಜೀವಕ್ಕ ಗೊತ್ತಾಗಿದ್ದು ಅವತ್ತೇ. ನಿಮ್ಮ ತಂಗಿಗೆ ಮೊದಲ ಮೆಟ್ಟಲು ಇಳಗಿ ಮ್ಯಾಲಿನ ಬಟ್ಟಿ ತಗಿಯೋದು ಇರಬಹುದು. ಆಮ್ಯಾಲ ಕೂಸು ತೊಡಿ ಮ್ಯಾಲ ಇದ್ದಾಗ ಅದು ಕಣ್ಣಿಗೆ ಕಾಣಂಗ ಇಡೋದು. ಆಮ್ಯಾಲ ಬಾಜೂಕ ಯಾರೂ ಇಲ್ಲದೆ ಹಾಲು ಕುಡಿಸೋದು. ಗುಳಿಗಿನೂ ನಡೀಲಿ, ಬಿಡಬ್ಯಾಡ್ರಿ. ಈ ರೋಗಕ್ಕ ಅದು ಕೈ ಹಿಡೀಲಿಕ್ಕೆ ಎಂಟು ಹತ್ತು ವಾರ, ಒಮ್ಮೊಮ್ಮೆ ಹನ್ನೆರಡು ವಾರ ತಗೋತದ. ಎರಡು ವಾರಕ್ಕ ಏನೂ ಆಗಲಿಲ್ಲ ಅಂತ ನಿಲ್ಲಿಸಿಬಿಡ್ತಾರ, ನನಗ ಹೊಟ್ಟಿ ಉರೀತದ.

— ಇದು ಕಲಿತರ ಬರೋ ವಿದ್ಯೆ ಅಂದ್ರ, ಕಲಿತವರು ಯಾರು ಬೇಕಾದ್ರೂ ಮಾಡಬಹುದಲ್ಲ. ನಿಮಗ ರೋಗ ಇದ್ದದ್ದರಿಂದ ಹೆಚ್ಚು ಏನು ಸಿಕ್ತು?

— ಯಾರು ಬೇಕಾದ್ರೂ ಮಾಡಬಹುದು, ಮಾಡ್ತಾರ. ನನಗ ಕಲಿಸಿದವರಿಗೆ ಈ ರೋಗ ಇರಲಿಲ್ಲ. ಇದನ್ನ ಮರೀಬ್ಯಾಡ್ರಿ, ರೋಗ ಒಂದು ಡಿಗ್ರಿ ಅಲ್ಲ. ಆದ್ರ ಹೆಚ್ಚಿಗಿ ಏನು ಅಂತ ಕೇಳಿದ್ರಿ. ಮಂದಿ ತಿಳಕೋತಾರ, ಅನುಭವಿಸಿದಾಕಿ, ಮಮತೆ ಹೆಚ್ಚಿರ್ತದ, ಕೂಡ ಅಳ್ತಾಳ ಅಂತ. ಅದು ತಿರುಗುಮುರುಗು. ನನ್ನ ಅನುಭವ ನನಗ ಕೊಟ್ಟಿದ್ದು 'ಇಲ್ಲ' ಅನ್ನೋ ಧೈರ್ಯ. ಒಬ್ಬ ತಾಯಿ ಎದುರಿಗೆ ಕೂತು ಕೈ ಜೋಡಿಸಿ, 'ಒಂದೇ ಸಲ ಹೇಳ್ರಿ, ನಾ ಅಂಥಾಕಿ ಅಲ್ಲಲ್ಲ?' ಅಂದಾಗ, ಮನುಷ್ಯ ಆದವರಿಗೆ ಹೇಳಿಬಿಡಬೇಕು ಅನಸ್ತದ. ಹೊಸಬರು ಅಲ್ಲೇ ಜಾರ್ತಾರ, ಇಲ್ಲಾ ಪುಸ್ತಕದಂಗ ಬಿಗಿದುಕೊಂಡು ಬಿಡ್ತಾರ. ನನಗ ಆ ಸಮಾಧಾನದ ರುಚಿ ಗೊತ್ತದ. ಅದು ಅಂಗಳ ದಾಟೋ ತನಕ ಅಷ್ಟೇ ಇರ್ತದ ಅಂತಲೂ ಗೊತ್ತದ. ಅದಕ್ಕ ನಾ ಕೊಡಲ್ಲ. ಕೊಡದೇ ಇದ್ದಾಗ ಆಕಿ ಎದ್ಯಾಗ ಏನು ನಡೀತದ ಅನ್ನೋದೂ ಗೊತ್ತಿರೋದರಿಂದ ಎದ್ದು ಹೋಗಲ್ಲ, ಗಡಿಯಾರ ನೋಡಲ್ಲ, ಕೂಡೇ ಕೂಡ್ತೀನಿ.

— ಅಷ್ಟು ಕಠಿಣ ಆಗಬೇಕೇನು...

— ಕಠಿಣ ಅಲ್ಲ ಸರ್. ಇನ್ನೊಂದು ಅದ. ಈ ರೋಗದವರು ಹೇಳೋದೇ ಇಲ್ಲ. ಕೂಸಿನ ಬಗ್ಗೆ ಯೋಚನಿ ಬಂತು ಅಂದ್ರ ಕೂಸು ಕಸಕೊಂತಾರ, ಹುಚ್ಚಿ ಅಂತಾರ ಅಂತ ಅಂಜಿಕಿ. ವರ್ಷಗಟ್ಟಲೆ ತಲಿನೋವು, ಹೊಟ್ಟಿನೋವು ಅಂತ ತಿರಗ್ತಾರ. ನಾ ಅವರು ಹೇಳೋ ತನಕ ಕಾಯಲ್ಲ. 'ಕೂಸಿಗೆ ಕೈ ಎತ್ತಿದಂಗ ಚಿತ್ರ ಬರ್ತದೇನವ್ವ? ಕುತ್ತಿಗಿ? ಇಳಗಿ? ನೀರು?' ಅಂತ ಹೆಸರು ಹಿಡದು ಕೇಳ್ತೀನಿ, ಸಂತಿ ದರ ಕೇಳಿದಷ್ಟು ಸಹಜಾಗಿ. ಕೇಳಿದ ಕೂಡಲೇ ಹೆಗಲು ಇಳೀತಾವ, ನಾ ಕಂಡೀನಿ. ಮತ್ತ ಇದರ ಕಳ್ಳ ದಾರಿ ನನಗ ಗೊತ್ತವ. ಬಾಯಿ ಬಿಟ್ಟು ಕೇಳೋದು ಬಿಟ್ಟ ಮ್ಯಾಲ ಮುಖ ನೋಡ್ತಾರ, ನಾ ನಕ್ಕರ ಅದೇ ಉತ್ತರ. 'ಬ್ಯಾರೆ ಪೇಷಂಟರಿಗೂ ಹಿಂಗೇ ಇರ್ತದೇನ್ರಿ?' ಅಂತಾರ, ಅದೂ ಅದೇ ಪ್ರಶ್ನೆ. ಬಾಯಿ ಮುಚ್ಚಿಕೊಂಡು ಒಳಗ ಪ್ರಾರ್ಥನಿ ಎಣಿಸ್ತಾರ, ಹೊರಗಿನವರಿಗೆ ಕಾಣೋದೇ ಇಲ್ಲ. ನಾನೂ ಎಣಿಸಿದಾಕಿ.

— ಇದರಾಗ ನಿಮಗ ಅಪಾಯ ಇಲ್ಲೇನು? ಅವರ ಮಾತು ಕೇಳಿ ಕೇಳಿ ನಿಮ್ಮದು ಮರುಕಳಿಸಿದ್ರ?

— ಅದ. ಅದಕ್ಕಿಂತ ದೊಡ್ಡದು ಅವರಿಗೆ ಅಪಾಯ. ನನ್ನ ಕಥಿ ಹೇಳಿಕೊಂತ ಕೂತ್ರ ಅವರ ತಾಸು ನಾ ತಿಂದಂಗ. ನನಗ ಗುಣ ಆದ ದಾರಿನೇ ಎಲ್ಲರ ದಾರಿ ಅಂದ್ರ ಇನ್ನೂ ಕೆಟ್ಟದು. ದೇವರ ಗೀಳು ಇದ್ದವರು ಬಂದಾಗ ನನಗೇ ಅಂಜಿಕಿ ಆಗಿ ಅವರ ಮೆಟ್ಟಲು ಸಣ್ಣದು ಮಾಡಬಹುದು. ಮತ್ತ 'ನಿಮಗ ಆರಾಮ ಆಗ್ಯದ, ಅಂದ ಮ್ಯಾಲ ನನಗೂ ಗ್ಯಾರಂಟಿ' ಅಂತ ನನ್ನನ್ನೇ ಸಮಾಧಾನದ ಗುಳಿಗಿ ಮಾಡಿಕೊಂತಾರ. ಅದಕ್ಕ ನನಗಿಂತ ಹೆಚ್ಚು ಕಲಿತ ಹಿರಿಯರೊಬ್ಬರ ಮುಂದ ನಾ ಮಾಡಿದ್ದೆಲ್ಲಾ ಒಪ್ಪಿಸ್ತೀನಿ. ನೀವು ಅನುಭವ ಮಂಟಪದ ಊರಿನವರು, ನಿಮಗ ಹೇಳಬೇಕಾಗಿಲ್ಲ. ಅಗಸರು, ಅಂಬಿಗರು, ಹಗ್ಗ ಹೊಸೆಯೋವರು ತಮ್ಮ ತಮ್ಮ ಕಾಯಕದಿಂದ ಮಾತಾಡಿದ್ರು ಅಂತ ಹೆಮ್ಮೆ ಪಡ್ತೀವಿ. ಆದ್ರ ಅಲ್ಲಿ ಅಲ್ಲಮಪ್ರಭು ಕೂತಿದ್ರಲ್ಲ? ಅನುಭವ ಅದ ಅಂತ ಬಂದವರನ್ನೆಲ್ಲಾ ಪ್ರಶ್ನೆ ಕೇಳಿ ಒರೆಗೆ ಹಚ್ಚಿದವರು. ಬಸವಣ್ಣನವರನ್ನೂ ಬಿಡಲಿಲ್ಲ. ಅನುಭವಕ್ಕ ಅಂಥ ಒಬ್ಬರು ಬೇಕು.

— ಇದನ್ನ ನಾ ಮಕ್ಕಳಿಗೆ ಕಲಿಸೋವಾಗ ಹಿಂಗ ವಿಚಾರ ಮಾಡಿರಲಿಲ್ಲ... ತಮ್ಮ ರೋಗ ಹೇಳಿಕೊಂಡು ಈ ಕೆಲಸ ಮಾಡೋವರು ಬ್ಯಾರೆ ಕಡೆ ಇದಾರೇನು?

— ಅಮೆರಿಕಾದಾಗ ಅದಾರ. ಶಾಲಾ ನೈಸ್ಲಿ ಅಂಬಾಕಿ ಚಿಕಿತ್ಸಕಿ, ಸಣ್ಣಂದಿನಿಂದ ಗೀಳು ಇತ್ತು, 2018ರಾಗ ಅದರ ಕಥಿನೇ ಪುಸ್ತಕ ಮಾಡ್ಯಾಳ. ಜಾನ್ ಹರ್ಷ್‌ಫೀಲ್ಡ್ ಅಂತ ಇನ್ನೊಬ್ಬರು, ಅವರಿಗೂ ಅದೇ ರೋಗ, ಅದೇ ಕೆಲಸ. ಇಬ್ಬರೂ ಕೂಡಿ ಒಂದು ಕೈಪಿಡಿನೂ ಬರದಾರ. ಈ ರೋಗದ ಅಂತಾರಾಷ್ಟ್ರೀಯ ಸಂಸ್ಥೆ 1986ರಾಗ ಶುರು ಆಗಿದ್ದೇ ರೋಗ ಇದ್ದವರಿಂದ. ನನಗ ಎಲ್ಲಕ್ಕಿಂತ ಹತ್ತಿರ ಅನಿಸಾಕಿ ಮಾರ್ಷಾ ಲಿನೆಹನ್. ಆಕಿದು ಗೀಳಲ್ಲ, ತನ್ನ ಮೈ ತಾನೇ ಕೊಯ್ದುಕೊಳ್ಳೋ, ಸಾಯಬೇಕು ಅನ್ನೋ ಕಾಯಿಲೆ. 1961ರಾಗ 17 ವರ್ಷದ ಹುಡುಗಿ ಇದ್ದಾಗ ಆಸ್ಪತ್ರಿ ಸೇರಿದ್ಳು. ಆಮ್ಯಾಲ ತಾನೇ ಆ ಕಾಯಿಲೆಗೆ ಜಗತ್ತೆಲ್ಲಾ ಬಳಸೋ ಚಿಕಿತ್ಸೆ ಕಟ್ಟಿದ್ಳು, ತನ್ನದು ಮಾತ್ರ ಯಾರಿಗೂ ಹೇಳಲಿಲ್ಲ. ಕೈ ಮ್ಯಾಲಿನ ಕಲೆ ನೋಡಿ ಪೇಷಂಟ್ ಒಬ್ಬಾಕಿ, ನೀವೂ ನಮ್ಮವರೇನು ಅಂತ ಕೇಳಿದ್ಳಂತ. 2011ರಾಗ ಅದೇ ಆಸ್ಪತ್ರಿಗೆ ಹೋಗಿ ಎಲ್ಲರ ಮುಂದ ಹೇಳಿದ್ಳು. ಐವತ್ತು ವರ್ಷ ಬೇಕಾಯ್ತು ನೋಡ್ರಿ, ಅಂಥಾಕಿಗೂ.

— ನಮ್ಮ ಕಡೆ ಹೇಳೋದು ಇನ್ನೂ ಕಷ್ಟ.

— ಹೇಳಿದ್ರ ತಂಗಿ ಮದುವಿ ನಿಲ್ತದ, ನೌಕರಿ ಹೋಗ್ತದ ಅಂತ ಅಂಜ್ತಾರ. ಕನ್ನಡದಾಗ ಮಾತಾಡಲಿಕ್ಕೆ ಮಾತು ಕೊಟ್ಟವರು ಅದಾರ. ನಿಮ್ಹಾನ್ಸ್‌ದಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸಿನ ಕಾಯಿಲೆ ಬಗ್ಗೆ ನೂರಕ್ಕೂ ಹೆಚ್ಚು ಕನ್ನಡ ಪುಸ್ತಕ ಬರದ್ರು, ಡಾಕ್ಟರಲ್ಲದ ಸಾಮಾನ್ಯ ಜನರಿಗೆ ಆಪ್ತಸಲಹೆ ಕಲಿಸಿದ್ರು, 2024ರಾಗ ಅವರಿಗೆ ಪದ್ಮಶ್ರೀ ಬಂತು. ನಮ್ಮ ಆಯಿಗೆ ನನ್ನ ರೋಗದ ಹೆಸರು ನಾ ಹೇಳಿದ್ದು ಅಂಥ ಪುಸ್ತಕದ ಮಾತಿನಾಗೇ. ಅಂಥ ಪುಸ್ತಕ ತಾಲೂಕಿನ ಲೈಬ್ರರಿಯೊಳಗ ಇದ್ರ ಅರ್ಧ ಮಂದಿ ನನ್ನ ಹತ್ತಿರ ಬರೋ ಕಾರಣ ಇರಲ್ಲ.

— ಅದು ಆಯ್ತು. ಇವತ್ತು ರಾತ್ರಿ ಆಕಿ ಬಾಗಲಕ್ಕ ಬಂದ್ರ ನಾ ಏನು ಅನ್ನಲಿ?

— ಇವತ್ತು ರಾತ್ರಿ ಎಂದಿನಂಗ ಉತ್ತರ ಕೊಡ್ರಿ. ಹೌದು, ಕೊಡ್ರಿ. ಹೇಳದೇ ಕೇಳದೇ ಒಮ್ಮೆಲೇ ಬಂದ್ ಮಾಡಿದ್ರ, ಅಣ್ಣಗೂ ನನ್ನ ಮ್ಯಾಲ ಸಂಶಯ ಬಂತು ಅಂತ ತಿಳೀತಾಳ. ನಾಳೆ ಹಗಲು, ಕೂಸು ಮಲಗಿದಾಗ ಕೂಡಿಸಿಕೊಂಡು, ನಾವು ಮಾತಾಡಿದ್ದನ್ನ ಹೇಳ್ರಿ. ಆಕಿ ಒಪ್ಪಿದ್ರ ಮುಂದ ಆಕಿ ಕೇಳಿದಾಗ, 'ಇದು ಗೀಳು ಕೇಳೋ ಪ್ರಶ್ನೆ. ಇದಕ್ಕ ಉತ್ತರ ಕೊಡಬಾರದು ಅಂತ ನಾವಿಬ್ಬರೂ ಮಾತಾಡೀವಿ. ನಾ ಇಲ್ಲೇ ಕೂಡ್ತೀನಿ' ಅನ್ರಿ. ಅಷ್ಟೇ ಮಾತು, ಪ್ರತಿ ಸಲ ಅದೇ. ಕೂಡೋದು ಮಾತ್ರ ತಪ್ಪಿಸಬ್ಯಾಡ್ರಿ. ಅವ್ವಗೂ ಇದನ್ನೇ ಕಲಿಸ್ರಿ, ಇಲ್ಲಂದ್ರ ಅಲ್ಲಿ ಸಿಗಲಿಲ್ಲ ಅಂತ ಇಲ್ಲಿಗೆ ಬರ್ತಾಳ. ರಾತ್ರಿ ಭಾಳ ತ್ರಾಸಾದ್ರ 14416ಕ್ಕ ಫೋನ್ ಮಾಡ್ರಿ, ಸರಕಾರದ್ದು, ಟೆಲಿ ಮಾನಸ್ ಅಂತ, 2022ರಿಂದ ಅದ, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ.

— ಆಕಿ ಪೂರ್ತಿ ಆರಾಮ ಆಗ್ತಾಳಲ್ರಿ? ಒಂದು ಮಾತು ಖಾತ್ರಿ ಹೇಳಿಬಿಟ್ರ...

— ಈ ಅಭ್ಯಾಸ ಬಿಡದೇ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚಲೋ ಫರಕು ಬೀಳ್ತದ. ಅದು ಗೊತ್ತಿದ್ದ ಸಂಗತಿ, ಹೇಳೀನಿ. ನಿಮ್ಮ ತಂಗಿದು ಇಂಥ ತಾರೀಖಿಗೆ ಇಷ್ಟು ಅಂತ ನಾ ಹೇಳಲ್ಲ. ಇದು ಎಲ್ಲರೂ ಕೇಳೋದೇ, ತಪ್ಪಲ್ಲ ಬಿಡ್ರಿ.

— ನಿಮಗೂ ಈ ರೋಗ ಅದ ಅಂತ ಆಕಿಗೆ ಹೇಳಲೇನು, ಬ್ಯಾಡೇನು?

— ಹೇಳ್ರಿ. ಅದನ್ನ ಕೇಳಿ ಬರೋ ಮನಸ್ಸಾದ್ರ ಬರ್ಲಿ. ಬಂದ ಮ್ಯಾಲ ಮಾತು ಆಕಿದೇ. ನನ್ನದು ಕೇಳಿದ್ರ ಎರಡು ಮಾತು ಹೇಳ್ತೀನಿ, ಮೂರನೇದು ಹೇಳಲ್ಲ.

— ಆಕಿ ಗಂಡ ಭಾನುವಾರ ಭಾಲ್ಕಿಯಿಂದ ಬರ್ತಾರ. ಅವರಿಗೆ ಇದೆಲ್ಲಾ ಹೇಳಿಲ್ಲ. ಬೀಗರ ಮುಂದ ಹ್ಯಾಂಗ ಬಾಯಿ ಬಿಡೋದು ಅಂತ ಅವ್ವ ಮುಚ್ಚಿ ಇಟ್ಟಾಳ.

— ತಂಗಿನ್ನ ಕೇಳಿ, ಆಕಿ ಹ್ಞೂಂ ಅಂದ್ರ ಅವರನ್ನೂ ಕರಕೊಂಡು ಬರ್ರಿ. ಬಾಣಂತನ ಮುಗಿಸಿ ಗಂಡನ ಮನಿಗೆ ಹೋದ ಮ್ಯಾಲ ರಾತ್ರಿ ಆ ಪ್ರಶ್ನೆ ಕೇಳೋದು ಅವರನ್ನೇ. ಕೂಸನ್ನೂ ತರ್ರಿ.